ಗಾಳಿಚೀಲದ ಅರ್ಜಿ

ರಫ್ತು ನೆರವು ಕಚೇರಿಯಿಂದ ಬಂದ ಪತ್ರವನ್ನು ನಾದಿನಿ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡಳು. ಮೂರನೇ ಸಲ ಅತ್ತಿಗೆಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು.

“ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ಮಾದರಿಯಾಗಿ ಒಂದೇ ಒಂದು ಕಾಲುಚೀಲವನ್ನು ಸಲ್ಲಿಸಿರುವುದು ಕಂಡುಬಂದಿದೆ. ನಿಯಮಾನುಸಾರ ಕಾಲುಚೀಲಗಳನ್ನು ಜೋಡಿಯಾಗಿಯೇ ಸಲ್ಲಿಸತಕ್ಕದ್ದು. ಅಲ್ಲದೆ ಅಳತೆಯ ಕಲಂನಲ್ಲಿ ಉದ್ದ ಮೂರು ಮೀಟರ್ ಅರವತ್ತು ಸೆಂಟಿಮೀಟರ್ ಎಂದು ನಮೂದಿಸಿದ್ದು, ಇದು ಕೈತಪ್ಪಿನಿಂದ ಆಗಿರಬಹುದೆಂದು ಭಾವಿಸಲಾಗಿದೆ.”

ಅತ್ತಿಗೆ ಹೊಲಿಗೆ ಯಂತ್ರ ನಿಲ್ಲಿಸಿ ಕನ್ನಡಕವನ್ನು ಹಣೆಗೇರಿಸಿದಳು.

“ಯಾರ ಕಾಲಿಗಂತೆ?”

“ಅದನ್ನ ಬರೆದಿಲ್ಲ.”

“ಮೂರೂವರೆ ಮೀಟರ್ ಕಾಲಿರೋ ಮನುಷ್ಯ ಅವರ ಆಫೀಸಿನಲ್ಲಿ ಯಾರಾದ್ರೂ ಇದ್ರೆ ಕಳಿಸೋಕೆ ಹೇಳು ಪುಟ್ಟಿ. ಅಳತೆ ತಗೊಂಡು ಜೋಡೀನೇ ಹೊಲಿದುಕೊಡ್ತೀನಿ. ಬೇಕಿದ್ರೆ ಇಲಾಸ್ಟಿಕ್ಕೂ ಹಾಕ್ತೀನಿ.”

ಪುಟ್ಟಿ ಎನ್ನಿಸಿಕೊಂಡವಳಿಗೆ ನಲವತ್ತಾರು ವರ್ಷ. ಅತ್ತಿಗೆ ಆ ಮನೆಗೆ ಮದುವೆಯಾಗಿ ಬಂದಾಗ ಗಂಡನ ತಂಗಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಹೆಸರು ಹಾಗೇ ನಿಂತುಬಿಟ್ಟಿತ್ತು. ಅಣ್ಣ ಡೇರೆ, ಟಾರ್ಪಾಲಿನ್ ಹೊಲಿದು ಮಾರುತ್ತಿದ್ದ. ಅವನು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಆಮೇಲೆ ಡೇರೆಗಳನ್ನು ಕೇಳುವವರು ಕಡಿಮೆಯಾಗುತ್ತ ಬಂದರು. ಒಂದು ದಿನ ಊರಾಚೆಯ ವಿಮಾನ ತರಬೇತಿ ಶಾಲೆಯ ಮೇಷ್ಟ್ರೊಬ್ಬರು ಹರಿದುಹೋದ ಒಂದು ಉದ್ದನೆಯ ಬಟ್ಟೆಯ ಚೀಲವನ್ನು ಕಂಕುಳಲ್ಲಿ ಸುತ್ತಿಕೊಂಡು ಬಂದು, “ಇದನ್ನ ಹೊಲಿದುಕೊಡೋಕಾಗುತ್ತಾ?” ಎಂದು ಕೇಳಿದರು. ಕಿತ್ತಳೆ, ಬಿಳಿ, ಕಿತ್ತಳೆ, ಬಿಳಿ, ಕಿತ್ತಳೆ, ಹೀಗೆ ಐದು ಪಟ್ಟೆ. ಒಂದು ಬಾಯಿ ದೊಡ್ಡದು, ಇನ್ನೊಂದು ಚಿಕ್ಕದು. ವಿಮಾನ ಇಳಿಯುವ ಹಾದಿಯ ಪಕ್ಕದಲ್ಲಿ ಕಂಬದ ತುದಿಗೆ ಕಟ್ಟುವಂಥದ್ದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಷ್ಟು ಜೋರಾಗಿ ಬೀಸುತ್ತಿದೆ ಎಂಬುದನ್ನು ಪೈಲಟ್ ಅದನ್ನು ನೋಡಿಯೇ ತಿಳಿಯುತ್ತಾನೆ. ಮೇಷ್ಟ್ರು ಅದನ್ನು ವಿಂಡ್‌ಸಾಕ್ ಎಂದರು. ಅತ್ತಿಗೆ ಗಾಳಿಚೀಲ ಎಂದಳು.

ಹರಿದದ್ದನ್ನು ಹೊಲಿಯುವ ಬದಲು ಅವಳು ಹೊಸದನ್ನೇ ಹೊಲಿದಳು. ಅದು ಹಳೆಯದಕ್ಕಿಂತ ಎರಡರಷ್ಟು ಕಾಲ ಬಾಳಿತು. ಅಲ್ಲಿಂದ ಮಾತು ಹಬ್ಬಿ, ಒಂಬತ್ತು ವರ್ಷಗಳಲ್ಲಿ ದೇಶದ ಸಣ್ಣಪುಟ್ಟ ವಿಮಾನ ನಿಲ್ದಾಣಗಳಲ್ಲಿ ಅರ್ಧಕ್ಕರ್ಧ ಕಡೆ ಇವರ ಚೀಲಗಳೇ ಹಾರುತ್ತಿದ್ದವು. ಎರಡು ಮನೆ ಆಚೆಯ ವೆಲ್ಡರ್ ಬಾಯಿಯ ಉಂಗುರ ಮಾಡಿಕೊಡುತ್ತಿದ್ದ, ಹೊಲಿಗೆಯೆಲ್ಲ ಅತ್ತಿಗೆಯದು, ಕತ್ತರಿಸುವುದು, ಪತ್ರವ್ಯವಹಾರ, ಫೋನು ನಾದಿನಿಯದು. ಅವಳು ಹದಿನೈದು ವರ್ಷ ನೀರು ಸರಬರಾಜು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದು, ದೂರಿನ ಕಿಟಕಿಯನ್ನೂ ನೋಡಿಕೊಳ್ಳುತ್ತಿದ್ದವಳು. ಆ ಕಚೇರಿಯನ್ನು ಇನ್ನೊಂದರ ಜೊತೆ ಸೇರಿಸಿದಾಗ ಕೆಲಸ ಹೋಯಿತು, ಆದರೆ ಕಚೇರಿಗಳ ಮೇಲಿನ ನಂಬಿಕೆ ಹೋಗಲಿಲ್ಲ.

ಅರ್ಜಿ ಹಾಕೋಣ ಎಂದವಳೂ ಅವಳೇ. ನಾಲ್ಕು ತಿಂಗಳ ಹಿಂದೆ ಪತ್ರಿಕೆಯಲ್ಲಿ ಎರಡು ದೇಶಗಳ ಮಂತ್ರಿಗಳು ಕೈಕುಲುಕುತ್ತಿದ್ದ ಫೋಟೋ ಬಂದಿತ್ತು. ಸಮುದ್ರದಾಚೆಯ ಆ ದೇಶದಲ್ಲಿ ಮೂರು ಹೊಸ ವಿಮಾನ ನಿಲ್ದಾಣಗಳನ್ನು ಕಟ್ಟಲು ನಮ್ಮ ಸರ್ಕಾರ ಕೈಜೋಡಿಸುತ್ತದೆ; ಎರಡೂ ದೇಶಗಳ ನಡುವೆ ನೇರ ವಿಮಾನ ಓಡುತ್ತದೆ; ನಿಲ್ದಾಣಗಳಿಗೆ ಬೇಕಾದ ಸಾಮಾನುಗಳಲ್ಲಿ ಒಂದು ಪಾಲನ್ನು ಇಲ್ಲಿನ ಸಣ್ಣ ಉತ್ಪಾದಕರಿಂದಲೇ ಕೊಳ್ಳುತ್ತಾರೆ; ಪರೀಕ್ಷೆಯ ಖರ್ಚು, ಸಾಗಣೆಯ ಖರ್ಚು ಸರ್ಕಾರದ್ದೇ.

“ನಮಗೆ ಅಂತಲೇ ಬರೆದ ಹಾಗಿದೆ ಅತ್ತಿಗೆ,” ಎಂದಿದ್ದಳು ನಾದಿನಿ.

“ನಮಗೆ ಅಂತ ಬರೆದಿದ್ರೆ ನಮ್ಮನ್ನ ಕೇಳಿ ಬರೀತಿದ್ರು,” ಎಂದಿದ್ದಳು ಅತ್ತಿಗೆ. ಆದರೂ ಬೇಡವೆನ್ನಲಿಲ್ಲ.

ಅರ್ಜಿ ಕಂಪ್ಯೂಟರಿನಲ್ಲೇ ತುಂಬಬೇಕಿತ್ತು. ‘ಉತ್ಪನ್ನ’ ಎಂಬ ಜಾಗದಲ್ಲಿ ನಾದಿನಿ ವಿಂಡ್‌ಸಾಕ್ ಎಂದು ಟೈಪ್ ಮಾಡಿದಳು. ಆ ಪಟ್ಟಿಯಲ್ಲಿ ಅಂಥ ಹೆಸರೇ ಇರಲಿಲ್ಲ. ಯಂತ್ರ ಹತ್ತಿರದ ಹೆಸರನ್ನು ತಾನೇ ಹುಡುಕಿ ಸಾಕ್ಸ್ ಎಂದು ಹಾಕಿಕೊಂಡಿತು. ಅವಳು ಅಳಿಸಿದಳು, ಅದು ಮತ್ತೆ ಹಾಕಿತು. ನಾಲ್ಕನೇ ಸಲ ಅಳಿಸಲು ಹೋಗುವಷ್ಟರಲ್ಲಿ ‘ಅರ್ಜಿ ಸ್ವೀಕೃತವಾಗಿದೆ, ಧನ್ಯವಾದಗಳು’ ಎಂಬ ಹಸಿರು ಅಕ್ಷರಗಳು ಬಂದವು. ಫೋನ್ ಮಾಡಿದರೆ ಸರಿಪಡಿಸುತ್ತಾರೆ ಎಂದು ಅವಳು ಸುಮ್ಮನಾದಳು. ಮಾದರಿ ಚೀಲವನ್ನು ಪಾರ್ಸೆಲ್ ಮಾಡಿ ಕಳಿಸಿದಳು. ಆ ಪಾರ್ಸೆಲನ್ನು ಯಾರೂ ಬಿಚ್ಚಿಯೇ ಇರಲಿಲ್ಲ ಎನ್ನುವುದು ಜೋಡಿಯ ಪತ್ರ ಬಂದ ಮೇಲೆ ಗೊತ್ತಾಯಿತು.

ಮರುದಿನವೇ ಇಬ್ಬರೂ ಕಚೇರಿಗೆ ಹೋದರು. ಲಿಫ್ಟ್ ಕೆಟ್ಟಿತ್ತು. ಮೂರನೇ ಮಹಡಿ ಹತ್ತುವಷ್ಟರಲ್ಲಿ ಅತ್ತಿಗೆಯ ಮಂಡಿ ಮಾತಾಡಲು ಶುರುಮಾಡಿತ್ತು. ಉದ್ದನೆಯ ಹಜಾರದ ಕೊನೆಯಲ್ಲಿ ಒಂದು ಬಾಗಿಲು. ಅದರ ಮೇಲೆ ‘ಕಾಲುಚೀಲ ಮತ್ತು ಒಳಉಡುಪು ವಿಭಾಗ’ ಎಂಬ ಫಲಕ. ಒಳಗಿದ್ದ ಅಧಿಕಾರಿಗೆ ಮೂವತ್ತೆಂಟು ನಲವತ್ತಿರಬಹುದು. ತೆಳ್ಳಗಿದ್ದ, ಮರ್ಯಾದಸ್ಥ. ಇಬ್ಬರಿಗೂ ಎದ್ದುನಿಂತು ಕುರ್ಚಿ ಕೊಟ್ಟ.

ನಾದಿನಿ ಎಲ್ಲವನ್ನೂ ವಿವರಿಸಿದಳು. ಕಿಟಕಿಯ ಪಕ್ಕದಲ್ಲಿ ಬಿದ್ದಿದ್ದ ತಮ್ಮದೇ ಪಾರ್ಸೆಲನ್ನು ತಾನೇ ಬಿಚ್ಚಿ, ಚೀಲವನ್ನು ಹರಡಿ ತೋರಿಸಿದಳು. ಅದು ಮೇಜನ್ನೆಲ್ಲ ಮುಚ್ಚಿ, ಆಚೆ ನೆಲದ ಮೇಲೂ ಬಿತ್ತು. ಅಧಿಕಾರಿ ನಿಜವಾಗಿಯೂ ಬೆರಗಾದ.

“ಓಹೋ. ಇದು ಕಾಲಿಗಲ್ಲ.”

“ಅಲ್ಲ ಸರ್.”

“ಹಾಗಾದ್ರೆ ನಮ್ಮ ವಿಭಾಗಕ್ಕೆ ಇದು ಬರಬಾರದಿತ್ತು.”

“ಅದನ್ನೇ ಹೇಳೋಕೆ ಬಂದಿದ್ದೀವಿ. ಸರಿಯಾದ ವಿಭಾಗಕ್ಕೆ ಕಳಿಸಿಬಿಡಿ.”

ಅಧಿಕಾರಿ ಕಂಪ್ಯೂಟರಿನತ್ತ ತಿರುಗಿ ಬಹಳ ಹೊತ್ತು ನೋಡಿದ. “ಸಮಸ್ಯೆ ಏನಂದ್ರೆ ಮೇಡಂ, ಸರಿಯಾದ ವಿಭಾಗ ಅಂತ ಒಂದಿಲ್ಲ. ಹೊಸ ವಿಭಾಗ ಬೇಕು ಅಂದ್ರೆ ಸಮಿತಿ ಕೂರಬೇಕು. ಸಮಿತಿಗೆ ಒಂದು ಪ್ರಸ್ತಾವನೆ ಹೋಗಬೇಕು. ಆ ಪ್ರಸ್ತಾವನೆ ಈಗ ಪ್ರಕ್ರಿಯೆಯಲ್ಲಿದೆ.”

“ನಾವು ಹೇಳಿದ್ದೇ ಈಗ. ಆಗಲೇ ಪ್ರಕ್ರಿಯೆಯಲ್ಲಿ ಹೇಗಿರುತ್ತೆ?” ಎಂದಳು ಅತ್ತಿಗೆ.

“ನೀವು ಹೇಳಿದ ತಕ್ಷಣ ಪ್ರಕ್ರಿಯೆ ಶುರುವಾಯ್ತಲ್ಲ,” ಎಂದು ಅವನು ನಗುತ್ತ ಹೇಳಿದ. ಅವನ ನಗುವಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅತ್ತಿಗೆಗೆ ಹೆಚ್ಚು ಉರಿಯಿತು. ಅಂದಿನಿಂದ ಮನೆಯಲ್ಲಿ ಅವನ ಹೆಸರೇ ಪ್ರಕ್ರಿಯೆ ಎಂದಾಯಿತು.

ಮೆಟ್ಟಿಲಿಳಿಯುವಾಗ ಅತ್ತಿಗೆ ಪ್ರತಿ ಮಹಡಿಗೂ ಒಂದೊಂದು ಮಾತು ಬೈದಳು. “ಸಾಕ್ ಅಂತ ಹೆಸರಿಟ್ಟೋರನ್ನ ಹೇಳಬೇಕು. ನನಗಂತೂ ಸಾಕು ಸಾಕಾಯ್ತು.”

“ಕಚೇರಿಗೂ ಒಂದು ನಡಿಗೆ ಇರುತ್ತೆ ಅತ್ತಿಗೆ. ನಾವು ಸ್ವಲ್ಪ ಹೊಂದ್ಕೊಂಡು ಹೋಗಬೇಕು. ಆತ ಕೆಟ್ಟೋನಲ್ಲ.”

“ಕೆಟ್ಟೋನಾಗಿದ್ರೆ ಜಗಳ ಆಡಬಹುದಿತ್ತು.”

ವಿಭಾಗ ಬದಲಾಗುವ ತನಕ ಅರ್ಜಿ ನಿಲ್ಲಬಾರದು ಎಂದು ಪ್ರಕ್ರಿಯೆಯೇ ಒಂದು ದಾರಿ ತೋರಿಸಿದ್ದ: ಈಗಿರುವ ವಿಭಾಗದಲ್ಲೇ ಪ್ರಯೋಗಾಲಯದ ಪರೀಕ್ಷೆ ಮುಗಿಸಿಕೊಂಡುಬಿಡಿ, ಮುಂದೆ ಅನುಕೂಲವಾಗುತ್ತದೆ. ನಾದಿನಿ ಇನ್ನೊಂದು ಚೀಲ ಹೊಲಿಸಿ ಪ್ರಯೋಗಾಲಯಕ್ಕೆ ಕಳಿಸಿದಳು. ಈ ಸಲ ಎರಡನ್ನೂ ಸೇರಿಸಿ, ಜೋಡಿಯಾಗಿಯೇ. ಐದು ವಾರದ ಮೇಲೆ ವರದಿ ಬಂತು.

ಬೆವರು ಹೀರುವ ಗುಣ: ಇಲ್ಲ. ಹಿಗ್ಗುವ ಗುಣ: ಇಲ್ಲ. ಹಿಮ್ಮಡಿಯ ಆಕಾರ: ಕಂಡುಬರಲಿಲ್ಲ. ಗಂಭೀರ ದೋಷ: ಎರಡೂ ತುದಿಗಳು ತೆರೆದಿವೆ. ಕೊನೆಯ ಸಾಲು: ಧರಿಸಲು ಯೋಗ್ಯವಲ್ಲ.

ಅತ್ತಿಗೆ ಬಟ್ಟೆಯ ಥಾನಿಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಎರಡೂ ತುದಿ ತೆರೆದಿದೆಯಂತೆ! ಗಾಳಿ ಒಳಗೆ ಹೋಗಿ ಅಲ್ಲೇ ಸಂಸಾರ ಹೂಡಬೇಕಿತ್ತೇನೋ!” ವೆಲ್ಡರನ್ನು ಕರೆದು ಅವನಿಗೂ ಓದಿಸಿದಳು. ಇಬ್ಬರೂ ಸೇರಿ ನಕ್ಕರು.

ನಾದಿನಿ ನಗಲಿಲ್ಲ. ವರದಿಯನ್ನು ಮಡಚಿ ಕಡತದೊಳಗಿಟ್ಟು, ನಿರ್ದೇಶಕರ ಹೆಸರಿಗೆ ಮೇಲ್ಮನವಿ ಬರೆಯಲು ಕುಳಿತಳು. ಪುಟದ ಮೇಲ್ಭಾಗದಲ್ಲಿ ಎಂದಿನಂತೆ ‘ಮಾನ್ಯರೇ’ ಎಂದು ಬರೆದು, ತುಂಬಾ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದಳು.

ಆ ಮೇಲ್ಮನವಿಗೆ ಉತ್ತರವೇನೂ ಬರಲಿಲ್ಲ. ಬದಲಿಗೆ ಒಂದು ಬಸ್ಸು ಬಂತು. ಸಮುದ್ರದಾಚೆಯ ದೇಶದಿಂದ ನಿಯೋಗವೊಂದು ಬಂದಿತ್ತು. ಅವರಿಗೆ ಐದು ಸಣ್ಣ ಕಾರ್ಖಾನೆಗಳನ್ನು ತೋರಿಸಬೇಕಿತ್ತು. ಐದನೆಯದರ ಮಾಲೀಕರಿಗೆ ಜ್ವರ ಬಂದು ಬಾಗಿಲು ಹಾಕಿದ್ದರು. ಬಸ್ಸಿನ ವೇಳಾಪಟ್ಟಿಯಲ್ಲಿ ನಲವತ್ತು ನಿಮಿಷ ಖಾಲಿ ಉಳಿಯಿತು. ಪ್ರಕ್ರಿಯೆಗೆ ಇವರ ನೆನಪಾಯಿತು. ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ, “ಹನ್ನೊಂದಕ್ಕೆ ಬರ್ತೀವಿ, ಸ್ವಲ್ಪ ಗುಡಿಸಿಟ್ಟಿರಿ” ಎಂದ.

ಕಾರ್ಖಾನೆ ಎಂದರೆ ಮನೆಯ ಕೆಳಗಿನ ಎರಡು ಕೋಣೆ. ಇಪ್ಪತ್ತು ಜನ ಒಳಗೆ ಹಿಡಿಸಲಿಲ್ಲ. ಮುಕ್ಕಾಲು ಜನ ಓಣಿಯಲ್ಲೇ ನಿಂತು ಫೋನ್ ನೋಡಿಕೊಂಡರು. ಒಳಗೆ ಬಂದವರಲ್ಲಿ ಗಿಡ್ಡ ಕೂದಲಿನ, ಬಿಸಿಲಿಗೆ ಕಪ್ಪಿಟ್ಟ ಮುಖದ ಹೆಂಗಸೊಬ್ಬಳಿದ್ದಳು. ಅವಳು ಮೊದಲ ಹೊಸ ನಿಲ್ದಾಣದ ರನ್‌ವೇ ಎಂಜಿನಿಯರ್ ಎಂದು ದುಭಾಷಿ ಹೇಳಿದ. ಅವಳು ಯಾರ ಭಾಷಣಕ್ಕೂ ಕಾಯಲಿಲ್ಲ. ಮೇಜಿನ ಮೇಲಿದ್ದ ಚೀಲದೊಳಗೆ ತೋಳಿನ ತನಕ ಕೈ ತೂರಿಸಿ, ಒಳಹೊರಗು ಮಾಡಿ, ಹೊಲಿಗೆಯ ಮೇಲೆ ಉಗುರಿನಿಂದ ಗೀರಿ ನೋಡಿದಳು. ಮಡಚಿ ಎರಡು ಸಾಲು ಹಾಕಿದ ಹೊಲಿಗೆ. ಎಲ್ಲಿಯೂ ಬಟ್ಟೆಯ ಅಂಚು ಹೊರಗೆ ಕಾಣುತ್ತಿರಲಿಲ್ಲ. ಅವಳು ಏನೋ ಕೇಳಿದಳು.

“ಎಷ್ಟು ಗಾಳಿಗೆ ಪೂರ್ತಿ ನೆಟ್ಟಗಾಗುತ್ತೆ ಅಂತ ಕೇಳ್ತಿದ್ದಾರೆ,” ಎಂದ ದುಭಾಷಿ.

ಆರು ತಿಂಗಳಲ್ಲಿ ಕಿವಿಗೆ ಬಿದ್ದ ಮೊದಲ ಸರಿಯಾದ ಪ್ರಶ್ನೆ ಅದು. ಅತ್ತಿಗೆಯ ಮುಖವೇ ಬದಲಾಯಿತು. “ಬಾಯಲ್ಲಿ ಹೇಳೋದ್ಯಾಕೆ, ಮೇಲಕ್ಕೆ ಬರೋಕೆ ಹೇಳಿ,” ಎಂದು ಮಂಡಿನೋವು ಮರೆತು ತಾರಸಿಗೆ ಹತ್ತಿದಳು.

ತಾರಸಿಯ ಮೂಲೆಯಲ್ಲಿ ಪರೀಕ್ಷೆಗೆಂದೇ ನೆಟ್ಟಿದ್ದ ಕಬ್ಬಿಣದ ಕೊಳವೆಯಿತ್ತು. ಅತ್ತಿಗೆ ಉಂಗುರ ಸಿಕ್ಕಿಸಿ ಚೀಲವನ್ನು ಬಿಟ್ಟಳು. ಮೊದಲು ಅದು ಜೋತುಬಿದ್ದಿತು, ಆಮೇಲೆ ಹೊಟ್ಟೆ ತುಂಬಿಕೊಂಡು ಪಟ್ಟೆಪಟ್ಟೆಯಾಗಿ ಮೇಲೇಳತೊಡಗಿತು. ಎಂಜಿನಿಯರ್ ತನ್ನ ಹೆಗಲ ಬ್ಯಾಗಿನಿಂದ ಗಾಳಿ ಅಳೆಯುವ ಅಂಗೈಯಗಲದ ಯಂತ್ರ ತೆಗೆದು ಎತ್ತಿ ಹಿಡಿದಳು. ಒಂದು ಬೀಸು ಬಂತು. ಐದನೇ ಪಟ್ಟೆಯೂ ನೆಟ್ಟಗಾಯಿತು. ಅವಳು ಅಂಕಿ ನೋಡಿ ತಲೆಯಾಡಿಸಿದಳು. ಗಾಳಿ ತಿರುಗಿದಾಗ ಉಂಗುರ ಸದ್ದಿಲ್ಲದೆ ತಿರುಗಿದ್ದನ್ನು ಕಂಡು ಅತ್ತಿಗೆಯ ಬೆನ್ನು ತಟ್ಟಿದಳು. ಭಾಷೆ ಬಾರದಿದ್ದರೂ ಇಬ್ಬರೂ ಅರ್ಧಗಂಟೆ ಬಟ್ಟೆ ಮುಟ್ಟಿ, ದಾರ ಎಳೆದು, ಬೆರಳು ಮಡಚಿ ಲೆಕ್ಕ ಹೇಳಿ ಮಾತಾಡಿಕೊಂಡರು. ಪ್ರಕ್ರಿಯೆ ಗಡಿಯಾರ ನೋಡಿಕೊಳ್ಳುತ್ತ ಮೆಟ್ಟಿಲ ಬಳಿ ನಿಂತಿದ್ದ.

“ಆರು ಬೇಕಂತೆ,” ಎಂದ ದುಭಾಷಿ ಇಳಿಯುವಾಗ. “ನಿಲ್ದಾಣದಿಂದಲೇ ಪತ್ರ ಕಳಿಸ್ತಾರಂತೆ.”

ಕೊಟ್ಟ ಮಾತಿನಂತೆ ವಾರದೊಳಗೆ ಪತ್ರ ಬಂತು. ಹದಿನೈದು ದಿನದಲ್ಲಿ ಆರು ಚೀಲಗಳು ಸಿದ್ಧವಾದವು. ಮನೆಯಲ್ಲಿ ಒಂದು ಥರದ ಸಂಭ್ರಮವೇ ಇತ್ತು. ಇನ್ನು ತಡೆಯುವುದು ಏನೂ ಇಲ್ಲ ಎಂದು ನಾದಿನಿ ನಂಬಿದಳು. ರಫ್ತು ನೆರವು ಕಚೇರಿಯವರಿಂದ ಚೀಟಿ ಅಂಟಿಸಿಕೊಂಡು, ಸರಕು ವಿಮಾನದ ಗೋದಾಮಿಗೆ ಪೆಟ್ಟಿಗೆಗಳನ್ನು ತಾನೇ ಒಪ್ಪಿಸಿ ಬಂದಳು.

ಆ ಚೀಟಿಯ ಮೇಲೆ ‘ಕಾಲುಚೀಲ: 6’ ಎಂದಿತ್ತು. ಗೋದಾಮಿನ ತಪಾಸಣೆಯವರು ಪೆಟ್ಟಿಗೆ ತೆರೆದರೆ ಕಬ್ಬಿಣದ ಉಂಗುರಗಳು, ಆಳೆತ್ತರ ಮೀರಿದ ಚೀಲಗಳು. ಘೋಷಿಸಿದ್ದು ಒಂದು, ಒಳಗಿರುವುದು ಇನ್ನೊಂದು ಎಂದು ಬರೆದು ಎಲ್ಲವನ್ನೂ ತಡೆಹಿಡಿದರು.

ಅಲ್ಲಿಂದ ಶುರುವಾಯಿತು ಓಡಾಟ. ಐದು ವಾರದಲ್ಲಿ ನಾದಿನಿ ಹನ್ನೊಂದು ಸಲ ರಫ್ತು ಕಚೇರಿಯ ಮೆಟ್ಟಿಲು ಹತ್ತಿದಳು. ಗೋದಾಮಿನವರು “ರಫ್ತು ಕಚೇರಿಯವರು ಚೀಟಿ ತಿದ್ದಿಕೊಡಲಿ, ಈಗಲೇ ಬಿಡ್ತೀವಿ” ಎನ್ನುತ್ತಿದ್ದರು. ರಫ್ತು ಕಚೇರಿಯಲ್ಲಿ ಪ್ರಕ್ರಿಯೆ, “ಗೋದಾಮಿನಿಂದ ವಿವರಣೆ ಕೇಳಿ ಒಂದು ಪತ್ರ ಬರಲಿ, ಆಮೇಲೆ ತಿದ್ದುಪಡಿಗೆ ಹಾಕ್ತೀನಿ” ಎನ್ನುತ್ತಿದ್ದ. ಗೋದಾಮಿನವರ ಪತ್ರ ಬಂದರೆ ಅದಕ್ಕೆ ಕ್ರಮಸಂಖ್ಯೆ ಇರಲಿಲ್ಲ. ಕ್ರಮಸಂಖ್ಯೆ ಹಾಕುವವರು ರಜೆಯಲ್ಲಿದ್ದರು. ರಜೆ ಮುಗಿಸಿ ಬಂದವರು ಆ ಪತ್ರ ಹಳೆಯದಾಯಿತು, ಹೊಸದು ತನ್ನಿ ಎಂದರು.

ಒಂಬತ್ತನೇ ಸಲ ಹೋದಾಗ ಪ್ರಕ್ರಿಯೆ ಅವಳಿಗೆ ನೀರು ತರಿಸಿಕೊಟ್ಟು, ಮನೆಯವನಂತೆ ಬುದ್ಧಿ ಹೇಳಿದ: “ಈಗ ವಿಭಾಗ ಬದಲಾಯಿಸಿದ್ರೆ ಹಿಂದಿನ ಅನುಮೋದನೆಗಳೆಲ್ಲ ರದ್ದಾಗುತ್ತೆ ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ, ಕಾಲುಚೀಲವಾಗಿಯೇ ಇದ್ದುಬಿಡಿ.”

ನಾದಿನಿ ನೀರು ಕುಡಿದು, ಧನ್ಯವಾದ ಹೇಳಿ, ಮೂರು ಮಹಡಿ ಇಳಿದು ಮನೆಗೆ ಬಂದಳು. “ಏನಾಯ್ತು?” ಎಂದು ಅತ್ತಿಗೆ ಕೇಳಿದ್ದಕ್ಕೆ “ಏನಿಲ್ಲ” ಎಂದಳು. ಅತ್ತಿಗೆ ಅವಳ ಪಾಲಿನದನ್ನೂ ತಾನೇ ಸೇರಿಸಿ ಬೈದಳು. ಗೋದಾಮನ್ನು, ಕಚೇರಿಯನ್ನು, ಕೈಕುಲುಕಿದ ಇಬ್ಬರು ಮಂತ್ರಿಗಳನ್ನು, ಕೊನೆಗೆ ಯಂತ್ರದ ಸೂಜಿಯನ್ನು. ನಾದಿನಿ ಕತ್ತರಿ ಹಿಡಿದು ಬಟ್ಟೆ ಕತ್ತರಿಸುತ್ತಿದ್ದಳು. ಆ ದಿನ ಮೊದಲ ಸಲ ಅವಳ ಪಟ್ಟಿ ಓರೆಯಾಯಿತು.

ಹನ್ನೊಂದನೇ ಸಲ ಹೋಗಿಬಂದ ಮರುವಾರ, ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಓಣಿಯಲ್ಲಿ ಕಾರು ನಿಂತ ಸದ್ದಾಯಿತು. ಪ್ರಕ್ರಿಯೆ ಏದುಸಿರು ಬಿಡುತ್ತ ಒಳಗೆ ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಅಮ್ಮಾ, ಒಂದು ಚೀಲ ಬೇಕು. ಈಗಲೇ.”

ವಿಷಯ ಇಷ್ಟು: ಶುಕ್ರವಾರ ಆ ನಿಲ್ದಾಣದ ಉದ್ಘಾಟನೆ. ಮೊದಲ ನೇರ ವಿಮಾನದಲ್ಲಿ ಇಲ್ಲಿಂದ ಮಂತ್ರಿಗಳು, ಅವರ ಹಿಂದೆ ನಲವತ್ತು ಜನ ಹೊರಡುತ್ತಾರೆ. ಆದರೆ ಗಾಳಿಚೀಲವಿಲ್ಲದ ರನ್‌ವೇಯನ್ನು ತಾನು ಯಾವುದೇ ಕಾರಣಕ್ಕೂ ತೆರೆಯುವುದಿಲ್ಲ, ವಿಮಾನ ಇಳಿಯಲು ಒಪ್ಪಿಗೆ ಕೊಡುವುದಿಲ್ಲ ಎಂದು ಎಂಜಿನಿಯರ್ ಹಿಂದಿನ ದಿನ ಪತ್ರ ಬರೆದಿದ್ದಳು. ಚೀಲಗಳು ಎಲ್ಲಿ ಎಂದು ಮಂತ್ರಿಗಳ ಕಚೇರಿ ಕೇಳಿತ್ತು. ಗೋದಾಮಿನ ತಡೆ ತೆರವಾಗಲು ಕಡಿಮೆಯೆಂದರೂ ಏಳು ದಿನ ಬೇಕು.

“ಹೊಸದೊಂದು ಇದ್ರೆ ಕೊಡಿ. ಇವತ್ತು ಮಧ್ಯಾಹ್ನದ ವಿಮಾನಕ್ಕೆ ನಾನೇ ಹೊರಟಿದ್ದೀನಿ. ಸುತ್ತಿ ಬಳಸಿ ಹೋದ್ರೂ ನಾಳೆ ಸಂಜೆಯೊಳಗೆ ಸೇರ್ತೀನಿ. ಮಗು ಹಾಗೆ ತೊಡೆ ಮೇಲೆ ಇಟ್ಕೊಂಡು ಹೋಗ್ತೀನಿ.”

ತರಬೇತಿ ಶಾಲೆಗೆಂದು ಹೊಲಿದ ಚೀಲವೊಂದು ಅಲಮಾರಿನಲ್ಲಿತ್ತು. ಇಷ್ಟು ದಿನ ಬೈದವಳು ಅತ್ತಿಗೆ. ಈಗ ಆ ಎಂಜಿನಿಯರ್ ಹೆಂಗಸಿನ ಮುಖ ಅವಳ ಕಣ್ಣಮುಂದೆ ಬಂದಿರಬೇಕು, ಗೊಣಗುತ್ತಲೇ ಎದ್ದು ಅಲಮಾರು ತೆರೆದು ಚೀಲವನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಕೈ ಚಾಚಿದ.

ನಾದಿನಿ ಚೀಲದ ಮೇಲೆ ಅಂಗೈ ಊರಿದಳು.

“ಕೊಡಲ್ಲ.”

ಅವಳ ದನಿ ಎಷ್ಟು ಮೆಲ್ಲಗಿತ್ತೆಂದರೆ ಅಧಿಕಾರಿಗೆ ಕೇಳಿಸಲಿಲ್ಲ. “ಏನಂದ್ರಿ?”

“ಕೊಡಲ್ಲ ಅಂದೆ. ಮೊದಲು ವಿಭಾಗ ತಿದ್ದಿ.”

“ಮೇಡಂ, ಅದನ್ನ ನಾನು ವಾಪಸ್ ಬಂದ ಮೇಲೆ ಖಂಡಿತಾ ಮಾಡಿಸ್ತೀನಿ. ಸಮಿತಿ ಕೂರೋದೇ ತಿಂಗಳ ಕೊನೇ ಸೋಮವಾರ.”

“ಹಾಗಾದ್ರೆ ವಿಮಾನನೂ ಕೊನೇ ಸೋಮವಾರನೇ ಇಳೀಲಿ!”

ಈ ಸಲ ಓಣಿಗೂ ಕೇಳಿಸಿತು. ಅತ್ತಿಗೆ ಬೆಚ್ಚಿಬಿದ್ದಳು. ಮೂವತ್ತು ವರ್ಷದಲ್ಲಿ ಪುಟ್ಟಿ ಕೂಗಿದ್ದನ್ನು ಅವಳು ಕಂಡಿರಲಿಲ್ಲ.

“ನಾನು ನಿಮ್ಮಲ್ಲಿಗೆ ಹನ್ನೊಂದು ಸಲ ಬಂದೆ. ನೀವು ಹನ್ನೊಂದು ಸಲವೂ ಕುರ್ಚಿ ಕೊಟ್ರಿ, ನೀರು ಕೊಟ್ರಿ. ಕೆಲಸ ಒಂದನ್ನ ಬಿಟ್ಟು ಎಲ್ಲಾ ಕೊಟ್ರಿ. ಇದನ್ನ ನಿಮ್ಮ ಮೇಜಿನ ಮೇಲೇ ಹರಡಿ ತೋರಿಸಿದ್ದೆ ನಾನು. ಕಾಲಿಗಲ್ಲ ಅಂತ ನೀವೇ ಹೇಳಿದ್ರಿ. ಗೊತ್ತಿದ್ದೂ ಗೊತ್ತಿದ್ದೂ ಕಾಲುಚೀಲ ಅಂತ ಚೀಟಿ ಅಂಟಿಸಿದ್ರಿ. ಬೆವರು ಹೀರಲ್ಲ ಅಂತ ವರದಿ ಕೊಡಿಸಿದ್ರಿ. ಈಗ ಮಂತ್ರಿಗಳು ಹೊರಟಿದ್ದಾರೆ ಅಂತ ಓಡಿ ಬಂದ್ರಿ. ಇದನ್ನ ಇವತ್ತು ಕೈಯಲ್ಲಿ ಕೊಟ್ರೆ ಆ ಆರು ಚೀಲ ಗೋದಾಮಿನಲ್ಲಿ ಕೊಳೆಯುತ್ತೆ. ಮುಂದಿನ ಸಲವೂ ನಾನು ಹನ್ನೊಂದು ಸಲ ಹತ್ತಬೇಕು. ಆಗಲ್ಲ ಸರ್. ನನಗೆ ಆಗಲ್ಲ.”

ಅಧಿಕಾರಿ ಅತ್ತಿಗೆಯತ್ತ ನೋಡಿದ. ಅತ್ತಿಗೆ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, “ನನ್ನ ಕೇಳಬೇಡಿ. ಪತ್ರವ್ಯವಹಾರ ಎಲ್ಲಾ ಅವಳದ್ದೇ,” ಎಂದಳು.

ಅವನು ಫೋನ್ ಹಿಡಿದು ಬಾಗಿಲ ಬಳಿ ಹೋದ. ಮೊದಲು ಮೇಲಧಿಕಾರಿಗೆ, ಅವರಿಂದ ಅವರ ಮೇಲಿನವರಿಗೆ, ಕೊನೆಗೆ ನಿರ್ದೇಶಕರಿಗೇ. ನಿರ್ದೇಶಕರಿಗೆ ಇದು ಏನೆಂದು ಅವನು ಎರಡು ಸಲ ಹೇಳಿದರೂ ಅರ್ಥವಾಗಲಿಲ್ಲ. ಫೋನನ್ನು ನಾದಿನಿಯ ಕೈಗೆ ಕೊಟ್ಟ. ಅವಳು ಮೂರು ವಾಕ್ಯಗಳಲ್ಲಿ ಹೇಳಿದಳು. ಆ ಕಡೆಯಿಂದ “ಇದನ್ನ ಮೊದಲೇ ಯಾಕೆ ಯಾರೂ ನನಗೆ ಹೇಳಲಿಲ್ಲ?” ಎಂದು ಕೇಳಿಸಿತು.

“ನಾಲ್ಕು ಸಲ ನಿಮ್ಮ ಹೆಸರಿಗೇ ಬರೆದಿದ್ದೀನಿ,” ಎಂದಳು ನಾದಿನಿ. “ದಿನಾಂಕ ಓದಲಾ?”

ಓದುವ ಅಗತ್ಯ ಬೀಳಲಿಲ್ಲ. ಎಂಟು ತಿಂಗಳಲ್ಲಿ ಆಗದ್ದು ನಲವತ್ತು ನಿಮಿಷದಲ್ಲಿ ಆಯಿತು. ಸಮಿತಿಯ ಸದಸ್ಯರು ಇದ್ದಲ್ಲಿಂದಲೇ ಒಪ್ಪಿಗೆ ಕಳಿಸಿದರು. ‘ವಿಮಾನ ನಿಲ್ದಾಣ ಸಲಕರಣೆ’ ಎಂಬ ಹೊಸ ವಿಭಾಗ ಹುಟ್ಟಿತು. ಗೋದಾಮಿಗೆ ಬಿಡುಗಡೆಯ ಆದೇಶವೂ ಹೋಯಿತು. ಎರಡರ ಪ್ರತಿಗಳೂ ನಾದಿನಿಯ ಕಂಪ್ಯೂಟರಿಗೆ ಬಂದವು. ಅಧಿಕಾರಿ ಕಾರಿನತ್ತ ನೋಡುತ್ತ ಚಡಪಡಿಸುತ್ತಿದ್ದರೂ ಅವಳು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿದಳು. ಎಣಿಕೆಯ ಕಲಂನಲ್ಲಿ ಇನ್ನೂ ‘ಜೋಡಿ’ ಎಂದೇ ಇತ್ತು. ಅದನ್ನೂ ತಿದ್ದಿಸಿದಳು. ಆಮೇಲೆ ಚೀಲವನ್ನು ಅಂದವಾಗಿ ಸುತ್ತಿ, ದಾರ ಕಟ್ಟಿ, ಅವನ ಕೈಗೆ ಕೊಟ್ಟಳು.

“ಉಂಗುರ ಬಗ್ಗಿಸಬೇಡಿ. ಹುಷಾರಾಗಿ ಹೋಗಿ ಬನ್ನಿ.”

ಕಾರು ಓಣಿ ದಾಟಿದ ಮೇಲೆ ಅವಳು ಬಟ್ಟೆಯ ಥಾನಿನ ಮೇಲೆ ಕುಸಿದು ಕುಳಿತಳು. ಅತ್ತಿಗೆ ಲೋಟದಲ್ಲಿ ನೀರು ತಂದು, ಪಕ್ಕದಲ್ಲೇ ಕುಳಿತಳು.

“ಇಷ್ಟೆಲ್ಲ ಒಳಗಿಟ್ಟುಕೊಂಡು ಹೇಗೆ ಕೂತಿದ್ದೆಯೇ ನೀನು? ನಾನಾಗಿದ್ರೆ ಮೊದಲನೇ ದಿನವೇ ಹರಿದು ಹಾಕ್ತಿದ್ದೆ.”

ನಾದಿನಿ ಅರ್ಧ ಲೋಟ ನೀರು ಕುಡಿದಳು.

“ನಾನೂ ಹದಿನೈದು ವರ್ಷ ಕಿಟಕಿಯ ಆ ಕಡೆ ಕೂತಿದ್ದೋಳಲ್ವಾ ಅತ್ತಿಗೆ. ನಲ್ಲಿಗೆ ನೀರು ಬರ್ತಿಲ್ಲ ಅಂತ ಬಂದೋರಿಗೆ ಮುಂದಿನ ವಾರ ಬನ್ನಿ ಅಂತ ಎಷ್ಟು ನಯವಾಗಿ ಹೇಳ್ತಿದ್ದೆ ಗೊತ್ತಾ? ನಾನು ಒಳ್ಳೆಯವಳು ಅಂದ್ಕೊಂಡಿದ್ದೆ. ಗದರಿಸ್ತಿರಲಿಲ್ಲ ನೋಡು, ಅದಕ್ಕೆ. ಆ ಪ್ರಕ್ರಿಯೆ ಬಾಯಿ ತೆರೆದಾಗಲೆಲ್ಲ ನನ್ನ ದನಿಯೇ ಕೇಳಿಸ್ತಿತ್ತು.”

ಅತ್ತಿಗೆಗೆ ಈ ಸಲ ಬೈಯುವುದಕ್ಕೆ ಯಾರೂ ಸಿಗಲಿಲ್ಲ. ನಾದಿನಿಯ ತಲೆಯ ಮೇಲೆ ಕೈಯಿಟ್ಟು, ಕೂದಲಿಗೆ ಅಂಟಿದ್ದ ಕಿತ್ತಳೆ ದಾರವೊಂದನ್ನು ಬಿಡಿಸಿ ತೆಗೆದಳು.

ಶುಕ್ರವಾರ ವಿಮಾನ ಇಳಿಯಿತು. ಶನಿವಾರದ ಪತ್ರಿಕೆಯಲ್ಲಿ ಫೋಟೋ ಬಂತು: ಮಂತ್ರಿಗಳು, ಹಾರಗಳು, ಕತ್ತರಿಸಿದ ಟೇಪು. ಗಾಳಿಚೀಲ ಎಲ್ಲಿಯೂ ಕಾಣಿಸಲಿಲ್ಲ. ಅತ್ತಿಗೆ ಭೂತಗನ್ನಡಿ ತಂದು ಹುಡುಕಿದಳು. ಮೂಲೆಯಲ್ಲಿ ಕಂಡ ಬಿಳಿ ಕಂಬದ ಬುಡ ಅದರದ್ದೇ ಇರಬೇಕು ಎಂದಳು. ಗೋದಾಮಿನಲ್ಲಿದ್ದ ಆರು ಚೀಲಗಳು ಒಂಬತ್ತು ದಿನಗಳ ನಂತರ ಹೊರಟು, ಹದಿಮೂರನೇ ದಿನ ಸೇರಿದವು. ತಲುಪಿದ ಬಗ್ಗೆ ಎಂಜಿನಿಯರ್ ಎರಡೇ ಸಾಲು ಬರೆದಿದ್ದಳು. ಅದರ ಹಿಂದೆಯೇ ಎರಡನೇ ನಿಲ್ದಾಣಕ್ಕೆ ಹನ್ನೆರಡು ಬೇಕೆಂಬ ಪತ್ರ ಬಂತು.

ಹೊಸ ವಿಭಾಗದಲ್ಲಿ ಇವರದ್ದೊಂದೇ ಹೆಸರಿದ್ದುದರಿಂದ, ತಿಂಗಳಿಗೊಮ್ಮೆ ‘ವಿಭಾಗದ ಪ್ರಗತಿ ವರದಿ’ಯನ್ನೂ ಇವರೇ ಕಳಿಸಬೇಕೆಂದು ಕಚೇರಿ ತಿಳಿಸಿತು. ನಾದಿನಿ ಅದನ್ನು ಓದಿ, ಹಲ್ಲು ಕಚ್ಚಿ, ಒಂದೇ ಪುಟದಲ್ಲಿ ಮುಗಿಸುವ ಅಭ್ಯಾಸ ಮಾಡಿಕೊಂಡಳು. ‘ಮಾನ್ಯರೇ’ ಎಂಬುದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಿದ್ದಳು. ಉತ್ತರಗಳು ಮೊದಲಿಗಿಂತ ಬೇಗ ಬರತೊಡಗಿದವು. ಬಾರದಿದ್ದಾಗ ನಿರ್ದೇಶಕರಿಗೇ ಫೋನ್ ಹಚ್ಚುತ್ತಿದ್ದಳು.

ನಾಲ್ಕು ತಿಂಗಳ ಮೇಲೆ ಎಂಜಿನಿಯರ್ ಕಡೆಯಿಂದ ಒಂದು ಪೊಟ್ಟಣ ಬಂತು. ಒಳಗೆ ಇವರದ್ದೇ ಚೀಲದ ಕೊನೆಯ ಪಟ್ಟೆಯ ತುಂಡು. ಬಟ್ಟೆ ಗಟ್ಟಿಯಾಗಿಯೇ ಇತ್ತು, ಆದರೆ ದಾರ ಪುಡಿಪುಡಿಯಾಗುತ್ತಿತ್ತು. ಸಮುದ್ರದ ಉಪ್ಪುಗಾಳಿ ತಿಂದಿತ್ತು. ಇದಕ್ಕೇನಾದರೂ ಮಾಡಲಾಗುತ್ತದೆಯೇ ಎಂದು ಅವಳು ಕೇಳಿದ್ದಳು.

“ಇಷ್ಟು ದಿನ ಕಚೇರಿ, ಈಗ ಸಮುದ್ರ!” ಎಂದು ಅತ್ತಿಗೆ ತುಂಡನ್ನು ಬೆಳಕಿಗೆ ಹಿಡಿದಳು. “ನನ್ನ ಹೊಲಿಗೇನ ನಾಲ್ಕೇ ತಿಂಗಳಲ್ಲಿ ತಿನ್ನೋ ಗಾಳಿ ಅದೆಂಥದ್ದಂತೆ?” ಅರ್ಧಗಂಟೆ ಬೈದಳು. ಬೈಯುತ್ತಲೇ ಹಳೆಯ ಪೆಟ್ಟಿಗೆಯಿಂದ ಡೇರೆ ಹೊಲಿಯುತ್ತಿದ್ದ ಕಾಲದ ದಪ್ಪ ದಾರದ ಉಂಡೆಗಳನ್ನು ತೆಗೆದು ಸಾಲಾಗಿಟ್ಟಳು.

ನಾದಿನಿ ಅಡುಗೆಮನೆಗೆ ಹೋಗಿ ಬಕೆಟಿಗೆ ನೀರು ತುಂಬಿ, ಎರಡು ಹಿಡಿ ಉಪ್ಪು ಸುರಿದಳು. ಒಂದೊಂದು ಉಂಡೆಯಿಂದಲೂ ಗೇಣುದ್ದ ದಾರ ಕತ್ತರಿಸಿ, ಚೀಟಿ ಕಟ್ಟಿ, ನೀರಿನಲ್ಲಿ ಮುಳುಗಿಸಿದಳು.

“ಎಷ್ಟು ದಿನ ಇಡೋಣ ಅತ್ತಿಗೆ?”

“ಇರಲಿ ಇಪ್ಪತ್ತು ದಿನ. ದಿನಾ ತೆಗೆದು ಬಿಸಿಲಿಗೆ ಹಾಕು, ಮತ್ತೆ ಮುಳುಗಿಸು. ಯಾವುದು ಉಳಿಯುತ್ತೋ ಅದರಲ್ಲಿ ಹೊಲಿಯೋಣ,” ಎಂದು ಅತ್ತಿಗೆ ಯಂತ್ರದ ಮುಂದೆ ಕುಳಿತು, ಎಂಜಿನಿಯರ್ ಕಳಿಸಿದ ತುಂಡಿನ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಬಿಚ್ಚಿ ನೋಡತೊಡಗಿದಳು.